ಅವರ ಬುತ್ತಿ, ನಮ್ಮ ಪಂಕ್ತಿ



ಅರವಂಕಾಡಿನಲ್ಲಿ ಬೆಳೆದ ನಾವು ಹಲವು ಭಾಷೆಗಳ ಅಡುಗೆ ಉಂಡವರು. ಕಾರ್ಡೈಟ್ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ ಒಂದು ಮನೆಯಲ್ಲಿ ತಮಿಳರ ಸಾಂಬಾರು, ಪಕ್ಕದ ಮನೆಯಲ್ಲಿ ಮಲಯಾಳಿಗಳ ಮರಗೆಣಸು ಮೀನು ಸಾರು, ಬಡಗ ಗೆಳೆಯರ ಹಟ್ಟಿಗೆ ಹೋದರೆ ಅವರೆ ಉದಕ. ಹಾಗಾಗಿ ಯಾರ ಊಟವೂ ನಮಗೆ ಹೊಸದಲ್ಲವೆಂದು ಹೆಮ್ಮೆಪಡುತ್ತಿದ್ದೆವು. ಕಳೆದ ವರ್ಷ ಯುವಜನರ ಸಹಭೋಜನದ ದಿನ ಆ ಹೆಮ್ಮೆ ಮುರಿಯಿತು.

ಅಂದು ಚಹಾ ತೋಟದ ಕೆಲಸಕ್ಕೆಂದು ಜಾರ್ಖಂಡ್‌ನಿಂದ ಬಂದಿರುವ ಕೆಲವು ಕುಟುಂಬಗಳನ್ನೂ ಕರೆದಿದ್ದೆವು. ಒಬ್ಬ ದೀದಿ ಊರಿನಿಂದ ತಂದಿದ್ದ ಚಟ್ನಿಯ ಡಬ್ಬಿ ತೆರೆದು ನಮ್ಮ ಮುಂದಿಟ್ಟರು. ಅದು ಕೆಂಪಿರುವೆಯ ಚಟ್ನಿ ಎಂದು ತಿಳಿದದ್ದೇ ತಡ, ನಮ್ಮಲ್ಲಿ ಕೆಲವರು ಮುಖ ಸಿಂಡರಿಸಿದೆವು, ಕೆಲವರು ಮೊಬೈಲಿನಲ್ಲಿ ಫೋಟೋ ತೆಗೆದು ನಕ್ಕೆವು. ದೀದಿ ಮಾತಾಡಲಿಲ್ಲ. ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿಕೊಂಡರು. ಮುಂದಿನ ಎರಡು ಭಾನುವಾರ ಆ ಕುಟುಂಬ ಬಲಿಪೂಜೆಗೆ ಬರಲಿಲ್ಲ.

ವಿಷಯ ಕೇಳಿದ, ಮಲೆನಾಡಿನಿಂದ ಇಲ್ಲಿಗೆ ಬಂದು ನೆಲೆಸಿದ ನಮ್ಮ ಹಿರಿಯರೊಬ್ಬರು, “ಅಯ್ಯೋ ಮಕ್ಕಳಾ, ಅದು ನಮ್ಮ ಚಗಳಿ ಚಟ್ನಿ ಕಣ್ರೋ! ಎಲೆ ಹೊಲಿದು ಗೂಡು ಕಟ್ಟುತ್ತಲ್ಲ, ಆ ಇರುವೆ. ಶೀತವಾದರೆ ನಮ್ಮವ್ವ ಅರೆದು ಕೊಡ್ತಿದ್ಳು” ಎಂದರು. ನಾವು ತಲೆ ತಗ್ಗಿಸಿದೆವು. ಇರುವೆಯ ಹುಳಿ ಫಾರ್ಮಿಕ್ ಆಮ್ಲದ್ದು, ಲ್ಯಾಟಿನ್‌ನಲ್ಲಿ ಫಾರ್ಮಿಕಾ ಎಂದರೆ ಇರುವೆ ಎಂದು ಬಿಎಸ್‌ಸಿಯಲ್ಲಿ ಬರೆದು ಅಂಕ ಪಡೆದವರು ನಾವೇ. ಒಡಿಶಾದ ಸಿಮಿಲಿಪಾಲದ ಕೆಂಪಿರುವೆ ಚಟ್ನಿಗೆ 2024ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿದೆ. ಓದಿದ್ದು ಡಬ್ಬಿಯಲ್ಲಿ ಎದುರಿಗೆ ಬಂದಾಗ ನೆನಪಾಗಲಿಲ್ಲ. ಮಿಡತೆ, ಕಾಡುಜೇನು ತಿಂದು ಬದುಕಿದ ಸ್ನಾನಿಕ ಯೊವಾನ್ನರೂ ನೆನಪಾಗಲಿಲ್ಲ.

ಪ್ರೇಷಿತರ ಕಾರ್ಯಕಲಾಪಗಳ 10ನೇ ಅಧ್ಯಾಯವನ್ನು ಮತ್ತೆ ಓದಿದೆವು. ಜೊಪ್ಪದಲ್ಲಿ ಹಸಿದಿದ್ದ ಸಂತ ಪೇತ್ರರಿಗೆ ದರ್ಶನದಲ್ಲಿ ಎಲ್ಲ ಬಗೆಯ ಪ್ರಾಣಿಗಳೂ ಕಂಡವು. ತಿನ್ನು ಎಂದಾಗ ಅವರು ಒಲ್ಲೆ ಎಂದರು. ಮೂರು ಸಲ ಹೀಗಾಯಿತು. ಅದರ ಅರ್ಥವೇನೆಂದು ಯೋಚಿಸುತ್ತಿರುವಾಗಲೇ ಕೊರ್ನೇಲಿಯ ಮನೆಯವರು ಬಾಗಿಲಿಗೆ ಬಂದರು. ಆಗ ಅವರಿಗೆ ತಿಳಿಯಿತು: ದೇವರು ಮಾತಾಡಿದ್ದು ತಟ್ಟೆಯ ಬಗ್ಗೆ ಮಾತ್ರವಲ್ಲ, ಮನುಷ್ಯರ ಬಗ್ಗೆ. ಅಂಥ ಪೇತ್ರರೂ ಮುಂದೆ ಅಂತಿಯೋಕ್ಯದಲ್ಲಿ ಜನರಿಗೆ ಅಂಜಿ ಅನ್ಯರ ಪಂಕ್ತಿಯಿಂದ ಹಿಂದೆ ಸರಿದರು. ಸಂತ ಪೌಲರು ಅವರನ್ನು ಮುಖಾಮುಖಿ ಎದುರಿಸಿದರು. ಒಮ್ಮೆ ಕಲಿತ ಪಾಠವನ್ನೂ ಮರೆಯುತ್ತೇವೆ, ನೆನಪಿಸುವವರು ಬೇಕು.

ನಾವು ತೋಟದ ಲೈನ್ ಮನೆಗೆ ಹೋಗಿ ದೀದಿಯವರ ಕ್ಷಮೆ ಕೇಳಿದೆವು. ಅವರು ಅನ್ನ ಬಡಿಸಿ, ಅದೇ ಚಟ್ನಿ ಹಾಕಿದರು. ಹುಳಿ, ಖಾರ, ಕಣ್ಣಲ್ಲಿ ನೀರು! ನಮ್ಮಲ್ಲೊಬ್ಬರಿಗೆ ತಿನ್ನಲಾಗಲಿಲ್ಲ, ಅವರು ಬೇಳೆ ಸಾರು ಕೇಳಿ ಹಾಕಿಸಿಕೊಂಡು ಜೊತೆಗೇ ಉಂಡರು. ಅದಕ್ಕೆ ದೀದಿ ಬೇಸರಪಡಲಿಲ್ಲ. ತಿನ್ನುವವನು ತಿನ್ನದವನನ್ನು ಹೀನಾಯವಾಗಿ ಕಾಣಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು ಎಂಬುದೇ ರೋಮಿನವರಿಗೆ ಪೌಲರು ಬರೆದದ್ದು. ನೋವು ಕೊಟ್ಟದ್ದು ನಾವು ತಿನ್ನದಿದ್ದದ್ದಲ್ಲ, ನಕ್ಕದ್ದು. ಒಂದೇ ಊಟದಿಂದ ಆ ನೋವು ಮಾಸಿತೆಂದು ಹೇಳಲಾರೆವು. ಆದರೆ ಅವರು ಮತ್ತೆ ಪೂಜೆಗೆ ಬರುತ್ತಿದ್ದಾರೆ.

ಪ್ರಿಯರೇ, ತಮ್ಮ ಶರೀರವನ್ನೇ ಆಹಾರವಾಗಿ ಕೊಡುವೆನೆಂದು ಯೇಸುಸ್ವಾಮಿ ನುಡಿದಾಗ, ಇದು ಕಠಿಣವೆಂದು ಹಲವು ಶಿಷ್ಯರು ಅವರನ್ನು ಬಿಟ್ಟು ಹೋದರು. ನಾವು ಉಳಿದವರು. ಪ್ರತಿ ಭಾನುವಾರ ಪರಮಪ್ರಸಾದಕ್ಕೆ ಒಂದೇ ಸಾಲಿನಲ್ಲಿ ನಿಲ್ಲುವ ನಾವು, ದೇವಾಲಯದ ಹೊರಗೆ ಭಾಷೆಗೊಂದು ಸಾಲು ಮಾಡಿಕೊಳ್ಳುವುದು ಸರಿಯೇ?

ಮುಂದಿನ ಸಹಭೋಜನಕ್ಕೆ ಪ್ರತಿ ಮನೆಯಿಂದಲೂ ಒಂದು ಬುತ್ತಿ ತನ್ನಿ. ಮೊದಲ ತುತ್ತು ಮಾತ್ರ ಬೇರೆ ಭಾಷೆಯವರ ಬುತ್ತಿಯಿಂದಿರಲಿ. ತಿನ್ನಲಾಗದಿದ್ದರೆ ಪಕ್ಕದಲ್ಲಿ ಕುಳಿತು, ಹೇಗೆ ಮಾಡಿದಿರಿ ಎಂದಾದರೂ ಕೇಳೋಣ. ಒಂದೇ ರೊಟ್ಟಿಯಲ್ಲಿ ನಮ್ಮನ್ನು ಒಂದಾಗಿಸಿದ ಪ್ರಭು ನಮ್ಮ ನಾಲಿಗೆಯನ್ನೂ ಹೃದಯವನ್ನೂ ತೆರೆಯಲಿ. ಆಮೆನ್.