ಸುಮ್ಮನಿರುವುದೂ ಒಂದು ನಿರ್ಧಾರ

ಕರುಳಿನ ದೀರ್ಘಕಾಲದ ಉರಿಯೂತದಿಂದ ಬಳಲುವವರಿಗೆ ಪ್ರತಿವರ್ಷವೂ ಒಂದು ಪ್ರಶ್ನೆ ಎದುರಾಗುತ್ತದೆ: ಫ್ಲೂ ಲಸಿಕೆ ಹಾಕಿಸಿಕೊಳ್ಳಬೇಕೆ, ಬೇಡವೆ? ರೋಗವನ್ನು ಅಂಕೆಯಲ್ಲಿಡುವ ಅಜಥಯೋಪ್ರಿನ್‌ನಂತಹ ಔಷಧಗಳು ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಆದ್ದರಿಂದ ಅಂಥವರಿಗೆ ಫ್ಲೂ ಹೆಚ್ಚು ಅಪಾಯಕಾರಿ. ಆದರೂ ಮನಸ್ಸು ಅಳುಕುತ್ತದೆ: ಶಾಂತವಾಗಿರುವ ಕರುಳು ಸೂಜಿಯಿಂದ ಕೆರಳಿದರೆ?

ವೈದ್ಯಶಾಸ್ತ್ರದ ಉತ್ತರ ಸ್ಪಷ್ಟ. ಚುಚ್ಚುಮದ್ದಿನಲ್ಲಿ ಸಜೀವ ವೈರಾಣುವಿಲ್ಲ. ಅದರಿಂದ ಫ್ಲೂ ಬರಲಾರದು. ಕರುಳಿನ ರೋಗ ಉಲ್ಬಣಿಸುವುದೆಂಬ ಭಯಕ್ಕೂ ಆಧಾರವಿಲ್ಲ. ಮೂಗಿಗೆ ಸಿಂಪಡಿಸುವ ಸಜೀವ ಲಸಿಕೆ ಮಾತ್ರ ಇಂತಹ ಔಷಧ ಸೇವಿಸುವವರಿಗೆ ಸಲ್ಲದು.

ಹಾಗಾದರೆ ಅಳುಕೇಕೆ? ಲಸಿಕೆಯ ಮರುದಿನ ಹೊಟ್ಟೆ ನೊಂದರೆ ‘ನಾನೇ ತಂದುಕೊಂಡೆ’ ಎನ್ನುತ್ತೇವೆ. ಲಸಿಕೆಯಿಲ್ಲದೆ ನ್ಯುಮೋನಿಯಾ ಬಂದರೆ ‘ವಿಧಿ’ ಎನ್ನುತ್ತೇವೆ. ಮಾಡಿದ್ದಕ್ಕೆ ಮಾತ್ರ ಹೊಣೆ, ಮಾಡದೆ ಬಿಟ್ಟದ್ದಕ್ಕೆ ಇಲ್ಲವೆಂಬ ಈ ಲೆಕ್ಕ ನ್ಯಾಯವಾದುದಲ್ಲ. ಸುಮ್ಮನಿರುವುದೂ ನಮ್ಮದೇ ನಿರ್ಧಾರ.

1806ರ ಸುಮಾರಿಗೆ ಸಿಡುಬಿನ ಲಸಿಕೆ ಜನರಿಗೆ ಹೊಸದಾಗಿದ್ದಾಗ, ಮೈಸೂರಿನ ರಾಣಿ ದೇವಾಜಮ್ಮಣ್ಣಿಯವರು ಅದನ್ನು ಹಾಕಿಸಿಕೊಂಡರು. ಅರಮನೆಯ ಆ ನಡೆ ಪ್ರಜೆಗಳ ಹಿಂಜರಿಕೆಯನ್ನು ಸಡಿಲಿಸಿತು. ಒಬ್ಬರ ತೋಳಿನ ಸೂಜಿ ಹಲವರಿಗೆ ಧೈರ್ಯವಾಯಿತು.

ಇಲ್ಲಿಯೇ ಉಳಿದವರ ಧರ್ಮವೂ ಇದೆ. ನಿರೋಧಶಕ್ತಿ ತಗ್ಗಿದವರಲ್ಲಿ ಲಸಿಕೆಯ ಫಲ ಕೊಂಚ ಕಡಿಮೆಯಾಗಬಹುದು. ಆ ಕೊರತೆಯನ್ನು ತುಂಬಬೇಕಾದವರು ಜತೆಯಲ್ಲಿ ಬಾಳುವ ಮಗ, ಸೊಸೆ, ಮೊಮ್ಮಕ್ಕಳು. ಅವರೂ ಲಸಿಕೆ ಪಡೆದರೆ ಜ್ವರ ಹೊಸ್ತಿಲು ದಾಟುವ ಸಂಭವ ಕುಗ್ಗುತ್ತದೆ. ಸೂಲೂರಿನಲ್ಲಿ ಹಿಂಗಾರು ಹಿಡಿಯುವ ಮುನ್ನ, ರೋಗಿಯೊಬ್ಬರೇ ಅಲ್ಲ, ಮನೆಮಂದಿಯೆಲ್ಲ ವೈದ್ಯರನ್ನು ಕಂಡು ಈ ಪ್ರಶ್ನೆಯನ್ನು ಕೇಳಲಿ.