ಮನೆಯ ಮೌನ ಯಾರ ಸೊತ್ತು?



ಕಣ್ಣಿಗೆ ರೆಪ್ಪೆಯಿದೆ, ನೋಡಲು ಮನಸ್ಸಿಲ್ಲದ್ದನ್ನು ನೋಡದೆ ಇರಬಹುದು. ಕಿವಿಗೆ ಅಂಥ ಬಾಗಿಲಿಲ್ಲ. ನಾವು ನಿದ್ರಿಸುವಾಗಲೂ ಅದು ತೆರೆದೇ ಇರುತ್ತದೆ. ಆದ್ದರಿಂದ ಒಬ್ಬರು ತಮ್ಮ ಸಂತೋಷಕ್ಕಾಗಿ ಹಾಕಿದ ಹಾಡನ್ನು ಮನೆಯಲ್ಲಿರುವ ಎಲ್ಲರೂ, ಬೇಕಿದ್ದರೂ ಬೇಡವಾಗಿದ್ದರೂ, ಕೇಳಲೇಬೇಕಾಗುತ್ತದೆ. ಮನೆಗೊಂದು ಸ್ಪೀಕರ್ ಕೊಳ್ಳುವುದು ಚಿಕ್ಕ ವಿಷಯವೆಂದು ತೋರಿದರೂ ಅದರೊಳಗೆ ಒಂದು ನೈತಿಕ ಪ್ರಶ್ನೆ ಅಡಗಿದೆ: ಹಲವರು ಕೂಡಿ ಬಾಳುವ ಮನೆಯಲ್ಲಿ ಮೌನ ಯಾರ ಸೊತ್ತು?

ಯಾದಗಿರಿ, ಶಹಾಪುರ, ಸುರಪುರಗಳ ನಮ್ಮ ಹಳೆಯ ಮನೆಗಳನ್ನು ನೆನೆಯಿರಿ. ಕಲ್ಲಿನ ಗೋಡೆ, ನೆಲಕ್ಕೆ ನುಣುಪಾದ ಫರಸಿ ಕಲ್ಲು, ನಡುವೆ ಒಂದೇ ಪಡಸಾಲೆ. ಅಲ್ಲಿಯೇ ಊಟ, ಅಲ್ಲಿಯೇ ಮಕ್ಕಳ ಓದು, ಅಲ್ಲಿಯೇ ಹಿರಿಯರ ಹಾಸಿಗೆ, ಅಲ್ಲಿಯೇ ಟಿ.ವಿ. ಕಲ್ಲು ಸದ್ದನ್ನು ಹೀರಿಕೊಳ್ಳುವುದಿಲ್ಲ, ಹಿಂದಕ್ಕೆ ಎಸೆಯುತ್ತದೆ. ಅಂಗಡಿಯಲ್ಲಿ ಇಂಪಾಗಿ ಕೇಳಿಸಿದ ಪೆಟ್ಟಿಗೆ ಪಡಸಾಲೆಗೆ ಬಂದ ಮೇಲೆ ಗದ್ದಲವೆನಿಸುವುದು ಇದರಿಂದಲೇ. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟಿದಾಗ ಬಾಗಿಲು ಕಿಟಕಿಗಳು ತೆರೆದಿರುತ್ತವೆ. ರಾತ್ರಿ ಎಷ್ಟೋ ಮನೆಗಳವರು ಮಾಳಿಗೆಯ ಮೇಲೆ ಮಲಗುತ್ತಾರೆ. ಆಗ ಒಂದು ಮನೆಯ ಸದ್ದು ಇಡೀ ಓಣಿಯ ಸದ್ದಾಗುತ್ತದೆ.

ಅಂಗಡಿಯಲ್ಲಿ ನಮಗೆ ಮೊದಲು ಹೇಳುವುದು ವ್ಯಾಟ್‌ಗಳ ಲೆಕ್ಕವನ್ನು. ಈ ಲೆಕ್ಕ ನಮ್ಮನ್ನು ಸುಲಭವಾಗಿ ಮರುಳುಗೊಳಿಸುತ್ತದೆ. ವ್ಯಾಟ್ ಎರಡರಷ್ಟಾದರೆ ಸದ್ದು ಹೆಚ್ಚುವುದು ಕೇವಲ 3 ಡೆಸಿಬಲ್. ಕಿವಿಗೆ ಎರಡರಷ್ಟು ಎನಿಸಬೇಕಾದರೆ ಸುಮಾರು 10 ಪಟ್ಟು ಶಕ್ತಿ ಬೇಕು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಅಂಕಿ ಹಲವೊಮ್ಮೆ ಕ್ಷಣಮಾತ್ರದ ಗರಿಷ್ಠ ಶಕ್ತಿ, ಆರ್.ಎಂ.ಎಸ್. ಎಂದು ಬರೆದಿರುವುದೇ ನಿರಂತರ ಶಕ್ತಿ. ಒಂದು ಪಡಸಾಲೆಗೆ ಕೆಲವೇ ವ್ಯಾಟ್ ಸಾಕು. ಆಳೆತ್ತರದ ಟವರ್ ಸ್ಪೀಕರ್ ಇದಕ್ಕಿಂತ ಹೆಚ್ಚಾಗಿ ಕೊಡುವುದು ಮುಖ್ಯವಾಗಿ ವೂಫರಿನ ದಢದಢ ಸದ್ದನ್ನು. ಬಾಗಿಲು ಗೋಡೆಗಳನ್ನು ದಾಟಿ ನೆರೆಮನೆಗೆ ಹೋಗುವುದು ಅದೇ. ಸ್ಪೀಕರನ್ನು ಮೂಲೆಯಲ್ಲಿ ಇಟ್ಟರೆ ಆ ಸದ್ದು ಇನ್ನೂ ದಪ್ಪವಾಗುತ್ತದೆ.

ಹಾಗಾದರೆ ಸಂತೋಷ ಬೇಡವೇ? ಖಂಡಿತ ಬೇಕು. ನಮ್ಮ ಭಾಗದಿಂದ ಗುಳೆ ಹೋಗಿ, ಬೆಂಗಳೂರಿನ ಕಟ್ಟಡಗಳಲ್ಲಿ ದುಡಿದು, ತಗಡಿನ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಮಲಗಿದ ಯುವಕನೊಬ್ಬ ಉಳಿತಾಯದ ಹಣದಲ್ಲಿ ದೊಡ್ಡ ಸ್ಪೀಕರ್ ತಂದರೆ ಅವನನ್ನು ಹಂಗಿಸುವ ಹಕ್ಕು ಯಾರಿಗೂ ಇಲ್ಲ. ಇಷ್ಟು ದಿನ ಬೇರೆಯವರ ಯಂತ್ರಗಳ ಸದ್ದನ್ನೇ ಕೇಳಿದವನಿಗೆ ತನ್ನದೇ ಆದ ಒಂದು ಹಾಡು ಬೇಕೆನಿಸುವುದು ಸಹಜ. ಆದರೆ ಅವನು ದುಡಿದದ್ದು ಯಾರಿಗಾಗಿಯೋ ಅವರ ನೆಮ್ಮದಿಯನ್ನೇ ಆ ಪೆಟ್ಟಿಗೆ ಕಸಿದುಕೊಂಡರೆ ಆ ಶ್ರಮದ ಫಲವಾದರೂ ಏನು?

ಈ ವಿಷಯದಲ್ಲಿ ಕಾನೂನು ಒಂದು ಗಡಿ ಹಾಕಿದೆ. 2000ನೆಯ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಅದೇ ವರ್ಷದ ಆಗಸ್ಟ್‌ನಲ್ಲಿ ಚೆನ್ನೈನ ಒಂದು ಕ್ರೈಸ್ತ ಸಭೆಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಇತರರ ಶಾಂತಿಯನ್ನು ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲವೆಂದು ಸ್ಪಷ್ಟಪಡಿಸಿತು. ಆ ಮಾತು ಮೊದಲು ನಮ್ಮವರನ್ನೇ ಉದ್ದೇಶಿಸಿ ಬಂದದ್ದು ಎಂಬುದನ್ನು ನಾವು ಮರೆಯಬಾರದು. ಭಕ್ತಿಗೀತೆಯಾದರೂ ನೆರೆಯವರ ನಿದ್ರೆಗೆ ಅದು ಸದ್ದೇ.

ಆದರೆ ಮನೆಯ ಸ್ಪೀಕರಿನ ಸದ್ದನ್ನು ಕಾನೂನು ಅಳೆಯುವುದು ಮನೆಯ ಎಲ್ಲೆಯಲ್ಲಿ ನಿಂತು. ಹೊಸ್ತಿಲಿನ ಒಳಗೆ ಅಳೆಯುವವರು ಯಾರು? ಕಿವಿ ಮಂದವಾದ ಅಜ್ಜಿಗೆ ಸದ್ದು ಹೆಚ್ಚು ಬೇಕು. ಪರೀಕ್ಷೆಗೆ ಓದುವ ಮೊಮ್ಮಗಳಿಗೆ ಕಡಿಮೆ ಬೇಕು. ರಾತ್ರಿ ಪಾಳಿ ಮುಗಿಸಿ ಬಂದ ಮಗ ಹಗಲು ಮಲಗಬೇಕು. ತಲೆನೋವಿದ್ದರೂ ಬಾಯಿಬಿಟ್ಟು ಹೇಳದ ಸೊಸೆ ಒಲೆಯ ಮುಂದೆ ಇರುತ್ತಾಳೆ. ಹಸುಗೂಸಿಗಂತೂ ಹೇಳಲು ಮಾತೇ ಇಲ್ಲ. ಇಲ್ಲಿ ಯಾರು ಗಟ್ಟಿಯಾಗಿ ಕೇಳಿದರೋ ಅವರಿಗೆ ಗೆಲುವು ಎಂದಾದರೆ ಅದು ಕುಟುಂಬದ ನ್ಯಾಯವಲ್ಲ. ಸುಮ್ಮನಿರುವವರ ಪರವಾಗಿ ಉಳಿದವರು ಯೋಚಿಸುವುದೇ ಕುಟುಂಬದ ನ್ಯಾಯ.

ಎಲ್ಲರೂ ತಮ್ಮ ತಮ್ಮ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಜಗಳವೇ ಇರದು ಎನ್ನುವವರಿದ್ದಾರೆ. ಅಗತ್ಯವಿದ್ದಾಗ ಅದೂ ಒಂದು ಉಪಾಯ. ಆದರೆ ಅದೇ ರೂಢಿಯಾದರೆ ಮನೆ ನಿಶ್ಶಬ್ದವಾದೀತೇ ಹೊರತು ಒಂದಾಗದು. ಹಿಂದೆ ಒಂದೇ ರೇಡಿಯೋದ ಸುತ್ತ ಕುಳಿತು ಕಲಬುರಗಿ ಆಕಾಶವಾಣಿಯನ್ನು ಕೇಳುತ್ತಿದ್ದ ಕುಟುಂಬಗಳಲ್ಲಿ ಹಾಡಿನ ನಡುವೆ ಮಾತಿತ್ತು, ನಗುವಿತ್ತು. ಕೂಡಿ ಕೇಳುವುದೂ ಒಂದು ಸಂಪತ್ತು; ಗದ್ದಲಕ್ಕೆ ಹೆದರಿ ಅದನ್ನು ಕಳೆದುಕೊಳ್ಳಬಾರದು.

ಆದ್ದರಿಂದ ಕೊಳ್ಳುವ ಮೊದಲು ಮನೆಯವರೆಲ್ಲ ಒಮ್ಮೆ ಕುಳಿತು ಮಾತನಾಡಿರಿ. ಎಲ್ಲಿ ಇಡುತ್ತೇವೆ, ಯಾವ ಹೊತ್ತಿನಲ್ಲಿ ಹಾಕುತ್ತೇವೆ, ಯಾರಿಗೆ ತೊಂದರೆಯಾದೀತು ಎಂಬುದನ್ನು ಮೊದಲೇ ಕೇಳಿರಿ. ಅಜ್ಜಿಗಾಗಿ ದೂರದ ದೊಡ್ಡ ಪೆಟ್ಟಿಗೆಯ ಸದ್ದು ಏರಿಸುವ ಬದಲು ಒಂದು ಚಿಕ್ಕ ಸ್ಪೀಕರನ್ನು ಆಕೆಯ ಹಾಸಿಗೆಯ ಬಳಿ ಇಡಬಹುದು. ಹತ್ತಿರವಿದ್ದಷ್ಟೂ ಕಡಿಮೆ ಸದ್ದು ಸಾಕು. ಪಡಸಾಲೆಗೆ ಎರಡು ಚಿಕ್ಕ ಸ್ಪೀಕರ್‌ಗಳನ್ನು ಮೂಲೆಯಿಂದ ಸರಿಸಿ, ಕುಳಿತವರ ಕಿವಿಯ ಎತ್ತರಕ್ಕೆ ಇಡಿರಿ. ನೆಲಕ್ಕೆ ಜಮಖಾನೆ ಹಾಸಿರಿ. ಅಜ್ಜಿ ಹೊಲಿದ ಕೌದಿಯನ್ನು ಎದುರಿನ ಗೋಡೆಗೆ ತೂಗುಹಾಕಿದರೆ ಕಲ್ಲಿನ ಮಾರ್ದನಿ ತಗ್ಗುತ್ತದೆ. ಹೆಚ್ಚಿನ ವ್ಯಾಟ್‌ಗೆ ಕೊಡುವ ಹಣಕ್ಕಿಂತ ಇವು ಹೆಚ್ಚು ಇಂಪನ್ನು ಕೊಡುತ್ತವೆ.

ಕೊನೆಗೆ ಒಂದು ಸರಳ ಪರೀಕ್ಷೆ. ಹಾಡು ನಡೆಯುತ್ತಿರುವಾಗ ಮನೆಯ ಅತ್ಯಂತ ಮೆಲುದನಿಯವರು ಏನಾದರೂ ಹೇಳಲಿ. ಆ ಮಾತು ಎಲ್ಲರಿಗೂ ಕೇಳಿಸಿದರೆ ನಿಮ್ಮ ಸ್ಪೀಕರ್ ಮನೆಗೆ ತಕ್ಕದ್ದು. ಕೇಳಿಸದಿದ್ದರೆ, ಅದರ ಬೆಲೆ ಎಷ್ಟೇ ಇರಲಿ, ಸದ್ದು ತಗ್ಗಿಸಿ, “ಏನಂದಿರಿ?” ಎಂದು ಅವರನ್ನು ಕೇಳಿರಿ.