ಗುಟ್ಟು ಯಾರ ಸ್ವತ್ತು?

ಹೀಗೊಂದು ಸಂದರ್ಭ ಊಹಿಸೋಣ. ಗಂಡನಿಂದ ಬೇರೆಯಾಗಿ ತವರಿನಲ್ಲಿರುವ ಹೆಂಗಸೊಬ್ಬಳು ಜೀವನಾಂಶಕ್ಕೆ ಅರ್ಜಿ ಹಾಕಿದ್ದಾಳೆ. ಕೆಲಸ ಹೋಗಿದೆ, ಕೈಯಲ್ಲಿ ಕಾಸಿಲ್ಲ ಎನ್ನುವುದು ಗಂಡನ ವಾದ. ಅವನ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಅವಳಿಗೆ ಮೊದಲಿನಿಂದ ಗೊತ್ತು. ಒಂದು ರಾತ್ರಿ ಖಾತೆ ತೆರೆದು ನೋಡಿದರೆ, ತಿಂಗಳು ತಿಂಗಳೂ ಹಣ ಬರುತ್ತಿದೆ. ಸ್ಟೇಟ್‌ಮೆಂಟಿನ ಪ್ರಿಂಟ್ ತಂದು ವಕೀಲರ ಮೇಜಿನ ಮೇಲಿಟ್ಟು, "ಸರ್, ಇದು ಹೇಗೆ ಸಿಕ್ಕಿತು ಅಂತ ಯಾರಿಗೂ ಹೇಳಬೇಡಿ" ಎನ್ನುತ್ತಾಳೆ.

ಆ ಮೇಜಿನ ಮೇಲೆ ಈಗ ಎರಡು ಗುಟ್ಟುಗಳಿವೆ. ಒಂದು ಅವಳು ಹೇಳಿದ್ದು, ಇನ್ನೊಂದು ಅವಳು ತಂದದ್ದು.

ಮೊದಲನೆಯದಕ್ಕೆ ಕಾನೂನಿನ ಉತ್ತರ ಹಳೆಯದು. 1872ರ ಸಾಕ್ಷ್ಯ ಅಧಿನಿಯಮದ 126ನೇ ಕಲಂ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ, ಕಕ್ಷಿದಾರರು ನಂಬಿ ಹೇಳಿದ್ದನ್ನು ವಕೀಲರು ಹೊರಗೆಡವಬಾರದು ಎನ್ನುತ್ತದೆ. ಅದರ ಜೊತೆಗಿರುವ ದೃಷ್ಟಾಂತಗಳು ಸೊಗಸಾಗಿವೆ. ಒಬ್ಬ ಬಂದು, ನಾನು ಫೋರ್ಜರಿ ಮಾಡಿದ್ದೇನೆ, ನನ್ನ ಪರ ವಾದಿಸಿ ಎಂದರೆ ಆ ಮಾತಿಗೆ ರಕ್ಷಣೆಯುಂಟು. ಇನ್ನೊಬ್ಬ, ಈ ಖೋಟಾ ಪತ್ರ ಇಟ್ಟುಕೊಂಡು ಆಸ್ತಿಗೆ ದಾವೆ ಹೂಡಿ ಎಂದರೆ ರಕ್ಷಣೆಯಿಲ್ಲ. ಮುಗಿದ ತಪ್ಪನ್ನು ಹೇಳಿಕೊಳ್ಳಲು ಒಂದು ಜಾಗ ಬೇಕು. ಮುಂದಿನ ತಪ್ಪಿಗೆ ಆ ಜಾಗ ಅಡಗುದಾಣವಾಗಬಾರದು. ಹಾಗಾಗಿ ಖಾತೆ ತೆರೆದೆ ಎಂಬ ಅವಳ ಮಾತನ್ನು ವಕೀಲರು ಕಾಪಾಡಬೇಕು. "ಮುಂದಿನ ತಿಂಗಳದ್ದೂ ನೋಡಿಟ್ಟಿರಿ" ಎಂದು ಅವರೇ ಹೇಳಿದರೆ ಮಾತ್ರ ಗೆರೆ ದಾಟಿದಂತೆ.

ಎರಡನೆಯದು ತೊಡಕಿನದು. ಬೇರೆಯವರ ಪಾಸ್‌ವರ್ಡನ್ನು ವಂಚನೆಯ ಉದ್ದೇಶದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ 3 ವರ್ಷದವರೆಗೆ ಜೈಲಾಗಬಹುದು. ಆದರೆ ಸಾಕ್ಷ್ಯ ಪ್ರಸ್ತುತವಾಗಿದ್ದರೆ, ಅಕ್ರಮವಾಗಿ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕಬೇಕಿಲ್ಲ ಎಂಬುದು ಪೂರಣ್ ಮಲ್ ಪ್ರಕರಣದ ಕಾಲದಿಂದ ನಮ್ಮ ಸುಪ್ರೀಂ ಕೋರ್ಟಿನ ನಿಲುವು. ಅಂದರೆ ಕಾನೂನು ಬಾಗಿಲನ್ನು ಪೂರ್ತಿ ಮುಚ್ಚಿಲ್ಲ. ಒಳಗೆ ಹೋಗಬೇಕೇ ಎನ್ನುವುದು ನೀತಿಯ ಪ್ರಶ್ನೆಯಾಗಿಯೇ ಉಳಿಯುತ್ತದೆ.

ಬ್ಯಾಂಕಿಗೆ ಒಪ್ಪಿಸಿದ ಮಾಹಿತಿ ಆಮೇಲೆ ಯಾರದು? ಅದರ ಮೇಲೆ ಗ್ರಾಹಕನಿಗೆ ಖಾಸಗಿತನದ ನಿರೀಕ್ಷೆಯಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1976ರಲ್ಲಿ ಹೇಳಿತು. ನಮ್ಮ ಕೋರ್ಟ್ ಆ ದಾರಿ ಹಿಡಿಯಲಿಲ್ಲ. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಪಕ್ಷಕಾರನಾಗಿದ್ದ, ಆಂಧ್ರದ ಸ್ಟಾಂಪ್ ಕಾಯ್ದೆಯ ತಿದ್ದುಪಡಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ, ಖಾಸಗಿತನ ಇರುವುದು ವ್ಯಕ್ತಿಗೇ ಹೊರತು ಸ್ಥಳಕ್ಕಲ್ಲ, ಕಾಗದ ಬ್ಯಾಂಕಿಗೆ ಹೋದ ಮಾತ್ರಕ್ಕೆ ಅದು ಅಳಿಯುವುದಿಲ್ಲ ಎಂದು 2004ರಲ್ಲಿ ತೀರ್ಪಿತ್ತಿತು. ಆ ತರ್ಕವನ್ನೇ ವಕೀಲರ ಮೇಜಿಗೂ ತರಬಹುದು. ಸ್ಟೇಟ್‌ಮೆಂಟ್ ಅಲ್ಲಿಗೆ ಬಂದರೂ ಅದು ಅವಳ ಗುಟ್ಟಲ್ಲ, ಗಂಡನದು. ತನ್ನದಲ್ಲದ್ದನ್ನು ನಂಬಿಕೆಯ ಹೆಸರಿನಲ್ಲಿ ಒತ್ತೆಯಿಡಲು ಬರುವುದಿಲ್ಲ.

ಸುಳ್ಳು ಹೇಳುವವನಿಗೆ ಎಂಥ ಖಾಸಗಿತನ ಎಂದು ಕೇಳಬಹುದು. ಹಸಿದವಳ ಮುಂದೆ ಇದೆಲ್ಲ ಪುಸ್ತಕದ ಮಾತಾಗಿ ಕೇಳಿಸುತ್ತದೆ. ಅದು ನಿಜವೂ ಹೌದು. ಆದರೆ ಅವಳಿಗೆ ಬೇಕಿರುವುದು ಅವನ ಗುಟ್ಟಲ್ಲ, ಅವನ ಲೆಕ್ಕ. ಅದನ್ನು ಕೇಳುವ ಹಕ್ಕು ಅವಳಿಗಿದೆ. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ಪ್ರಕಾರ ಜೀವನಾಂಶದ ಪ್ರಕರಣದಲ್ಲಿ ಇಬ್ಬರೂ ಆದಾಯ, ಆಸ್ತಿಗಳ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು. ಬ್ಯಾಂಕಿನ ಪುಸ್ತಕಗಳನ್ನು ನೋಡಲು ಅನುಮತಿ ನೀಡುವ ಅಧಿಕಾರವನ್ನು 1891ರ ಕಾಯ್ದೆಯೊಂದು ಕೋರ್ಟಿಗೆ ಕೊಟ್ಟಿದೆ. ಈ ದಾರಿ ನಿಧಾನ, ಖರ್ಚಿನದು. ಆದರೆ ಇವತ್ತು ಅವಳಿಗಾಗಿ ತೆರೆದುಕೊಂಡ ಕಳ್ಳಬಾಗಿಲು ನಾಳೆ ಅವಳ ಸಂಬಳ, ಔಷಧಿ, ತವರಿಗೆ ಕಳಿಸಿದ ಹಣ ನೋಡಬಯಸುವ ಗಂಡನಿಗೂ ತೆರೆಯುತ್ತದೆ.

ಹಾಗಾದರೆ ವಕೀಲರು ಮಾತನ್ನು ಇಟ್ಟುಕೊಂಡು ಕಾಗದವನ್ನು ಹಿಂದಿರುಗಿಸಬೇಕು, ಕೋರ್ಟಿನ ಮೂಲಕ ಖಾತೆಯ ವಿವರ ಕೇಳಬೇಕು. ಕಂಡದ್ದನ್ನು ಕಾಣದಂತೆ ಮಾಡಲಾಗದು. ಎಲ್ಲಿ ಹುಡುಕಬೇಕೆಂದು ಅವರಿಗೀಗ ಗೊತ್ತು. ಈ ಕಲೆ ಪೂರ್ತಿ ಹೋಗುವುದಿಲ್ಲ. ಕಾಗದ ನೋಡದೆಯೂ ಕೇಳಬಹುದಾಗಿದ್ದ ಪ್ರಶ್ನೆಯನ್ನಷ್ಟೇ ಕೇಳಿದರೆ, ಅವರು ಇಬ್ಬರಿಗೂ ಅನ್ಯಾಯ ಮಾಡಿದಂತಾಗುವುದಿಲ್ಲ.